ಸಾಲ ತೀರಿತು, ಈಗ ಆ ದುಡ್ಡು ಯಾರದು?

ಸಾಲ ಎಲ್ಲಿ ಸಿಗುತ್ತದೆ ಅಂತ ಹೇಳಿಕೊಡುವವರು ನಮ್ಮೂರುಗಳಲ್ಲಿ ಬೀದಿಗೊಬ್ಬರು ಇದ್ದಾರೆ. ಬೇಗ ತೀರಿಸು ಅಂತ ಬೈದು ಹೇಳುವವರೂ ಇದ್ದಾರೆ. ತೀರಿಸಿ ಮುಗಿಸಿದ ಮೇಲೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕೊನೆಯ ಕಂತು ಕಟ್ಟಿದ ದಿನ ದೇವರ ಮುಂದೆ ಒಂದು ಕಾಯಿ ಒಡೆಸಿದರೆ ಕಥೆ ಮುಗಿಯಿತು ಅಂದುಕೊಳ್ಳುತ್ತೇವೆ. ನಮ್ಮ ಪ್ರಕಾರ, ಯೋಚನೆ ಮಾಡಬೇಕಾದ ದಿನಗಳು ಶುರುವಾಗುವುದೇ ಆ ಕಾಯಿ ಒಡೆದ ಮೇಲೆ.

ರಾಜಘಟ್ಟ ಅಂದರೆ ಇತಿಹಾಸ ಓದಿದವರಿಗೆ 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಉತ್ಖನನ ಮಾಡಿದಾಗ ಸಿಕ್ಕ ಬೌದ್ಧ ಚೈತ್ಯ ನೆನಪಾಗುತ್ತದೆ. ತಮ್ಮದು ಅಂತ ಏನೂ ಇಟ್ಟುಕೊಳ್ಳದ ಭಿಕ್ಷುಗಳು ಇದ್ದ ಜಾಗ. ಇವತ್ತು ಇಲ್ಲಿನ, ಸುತ್ತಲಿನ ಹಳ್ಳಿಗಳ ಇಪ್ಪತ್ತು ದಾಟಿದ ಹುಡುಗ ಹುಡುಗಿಯರು ಬೆಳಗ್ಗೆ ಎದ್ದು ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿಗೆ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಿಗೆ, ಮಗ್ಗದ ಮನೆಗಳಿಗೆ ಹೊರಡುತ್ತಾರೆ. ಅವರಿಗೂ ತಮ್ಮದು ಅಂತ ಏನೂ ಇರುವುದಿಲ್ಲ. ಸಂಬಳ ಬರುವ ಮೊದಲೇ ಅದಕ್ಕೆ ಯಜಮಾನ ಇರುತ್ತಾನೆ. ಅಪ್ಪ ಕೊರೆಸಿದ, ನೀರು ಬಾರದ ಬೋರ್‌ವೆಲ್ಲಿನ ಸಾಲ. ಅಕ್ಕನ ಮದುವೆ ಸಾಲ. ಅಜ್ಜಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ ಅಮ್ಮ ಸಂಘದಲ್ಲಿ ಎತ್ತಿದ ಸಾಲ. ಹುಡುಗರಾದರೆ ಇದರ ಮೇಲೊಂದು ಬೈಕಿನ ಕಂತು. ಹುಡುಗರು ಸಾಲ ಮಾಡಿ ಮಜಾ ಮಾಡುತ್ತಾರೆ ಅಂತ ಊರ ಕಟ್ಟೆಯಲ್ಲಿ ಕೂತು ಹೇಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಬೈಕೊಂದನ್ನು ಬಿಟ್ಟರೆ ಇದರಲ್ಲಿ ಅವರು ಸ್ವಂತಕ್ಕೆ ಮಾಡಿದ ಸಾಲ ಯಾವುದೂ ಇಲ್ಲ.

ಹೀಗೆ ಎರಡು ಮೂರು ವರ್ಷ ತಿಂಗಳಿಗೆ ₹4,000 ಕಟ್ಟಿಕೊಂಡು ಬಂದವರು ಒಂದು ದಿನ ಕೊನೆಯ ಕಂತು ಕಟ್ಟುತ್ತಾರೆ ಅಂದುಕೊಳ್ಳಿ. ಮುಂದಿನ ತಿಂಗಳು ಆ ₹4,000 ಕೈಯಲ್ಲೇ ಉಳಿಯುತ್ತದೆ. ಅದನ್ನು ಏನು ಮಾಡಬೇಕು ಅಂತ ಅವರು ಯೋಚಿಸುವಷ್ಟರಲ್ಲಿ ಬೇರೆಯವರು ಯೋಚಿಸಿ ಆಗಿರುತ್ತದೆ. ಊರಲ್ಲಿ ಗುಟ್ಟು ಉಳಿಯುವುದಿಲ್ಲವಲ್ಲ. ‘ಏನಪ್ಪಾ, ಸಾಲ ಎಲ್ಲಾ ತೀರಿತಂತೆ?’ ಅಂತ ಮಾವ ಕೇಳಿದರೆ ಅದು ಬರೀ ಕ್ಷೇಮಸಮಾಚಾರ ಅಲ್ಲ.

ಸಾಲ ಇದ್ದಾಗ ಅದೊಂದು ನೆಪವಾಗಿಯೂ ಕಾಯುತ್ತಿತ್ತು. ಯಾರು ಕೈಗಡ ಕೇಳಿದರೂ ‘ಕಂತಿದೆ ಮಾವ’ ಅಂದರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತು. ತೀರಿದ ಮೇಲೆ ಆ ನೆಪವೂ ಹೋಯಿತು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಮನೆಯಲ್ಲಿ ನಿಯತ್ತಾಗಿ ಸಾಲ ತೀರಿಸಿದವರ ಸಿಬಿಲ್ ಚೆನ್ನಾಗಿರುತ್ತದೆ. ಅಪ್ಪನದು ಕೆಟ್ಟಿರುತ್ತದೆ, ಅಣ್ಣನದೂ ಕೆಟ್ಟಿರುತ್ತದೆ. ಹಾಗಾಗಿ ಮನೆಯ ಮುಂದಿನ ಸಾಲ ಯಾರ ಹೆಸರಿನಲ್ಲಿ? ತೀರಿಸಿದವರ ಹೆಸರಿನಲ್ಲಿ. ‘ನಿನ್ನ ಹೆಸರಲ್ಲಿ ತೆಗೆದುಕೊಡು, ಕಂತು ನಾನು ಕಟ್ಟುತ್ತೇನೆ’ ಅನ್ನುವ ಮಾತು ನಮ್ಮ ಕಡೆ ಎಷ್ಟು ಮನೆಗಳಲ್ಲಿ ಕೇಳಿಬಂದಿಲ್ಲ ಹೇಳಿ. ಹೇಳಿದವರು ಮೋಸ ಮಾಡುವವರೇನಲ್ಲ. ಮೊದಲ ಮೂರು ಕಂತು ಕಟ್ಟುತ್ತಾರೆ. ನಾಲ್ಕನೆಯದರ ಹೊತ್ತಿಗೆ ಹಸು ಸಾಯುತ್ತದೆ, ಇಲ್ಲವೇ ಟೊಮೆಟೊ ರೇಟು ಬೀಳುತ್ತದೆ. ಫೋನ್ ಬರುವುದು ಹೆಸರು ಯಾರದೋ ಅವರಿಗೆ.

ಜಾಮೀನಿನ ವಿಷಯವೂ ಹೀಗೆಯೇ. ಬರೀ ಸಹಿ ತಾನೇ ಅಂತ ಹಾಕುತ್ತೇವೆ. 1872ರ ಒಪ್ಪಂದ ಕಾಯ್ದೆ ಏನು ಹೇಳುತ್ತದೆ ಗೊತ್ತೇ? ಬೇರೆ ಕರಾರು ಇಲ್ಲದಿದ್ದರೆ, ಸಾಲ ಪಡೆದವರಿಗೆ ಎಷ್ಟು ಹೊಣೆಯೋ ಜಾಮೀನು ಹಾಕಿದವರಿಗೂ ಅಷ್ಟೇ ಹೊಣೆ. ಸಾಲ ಕೊಟ್ಟವರು ಮೊದಲು ಅವರ ಮನೆ ಬಾಗಿಲಿಗೇ ಹೋಗಬೇಕು ಅಂತೇನಿಲ್ಲ, ನೇರ ನಿಮ್ಮ ಬಾಗಿಲಿಗೂ ಬರಬಹುದು. ಸಾಲದಿಂದ ಈಗಷ್ಟೇ ಹೊರಬಂದವರು ಒಂದೆರಡು ವರ್ಷ ಯಾರಿಗೂ ಜಾಮೀನು ಹಾಕಬಾರದು ಅನ್ನುವುದು ನಮ್ಮ ನೇರ ಅಭಿಪ್ರಾಯ. ಸ್ವಂತ ಅಣ್ಣನಿಗೂ ಹಾಕಬಾರದು. ಕೈಲಾದರೆ ₹5,000 ಕೊಟ್ಟು ಅದನ್ನು ಮರೆತುಬಿಡಿ, ಸಹಿ ಮಾತ್ರ ಬೇಡ.

ನಂಟರ ಜೊತೆಗೆ ಸಾಲ ಕೊಡುವವರೂ ನಿಮ್ಮನ್ನು ಬಿಡುವುದಿಲ್ಲ. ಸಂಘದಲ್ಲಿ ಒಂದು ಸುತ್ತು ತೀರಿದರೆ ಮುಂದಿನ ಸುತ್ತಿಗೆ ಇನ್ನೂ ದೊಡ್ಡ ಮೊತ್ತ ಸಿಗುತ್ತದೆ. ಮಗ್ಗದ ಮನೆಗಳಲ್ಲಿ ಮುಂಗಡ ಕೊಟ್ಟು ಆಳನ್ನು ಹಿಡಿದಿಟ್ಟುಕೊಳ್ಳುವ ರೂಢಿ ಹಳೆಯದು. ಮುಂಗಡ ತೀರಿತು ಅಂದರೆ ಮಾಲೀಕರಿಗೆ ಸಂತೋಷಕ್ಕಿಂತ ಯೋಚನೆ ಜಾಸ್ತಿ. ಇನ್ನು ಫೋನಿಗೆ ಬರುವ ‘ನಿಮಗೆ ₹1 ಲಕ್ಷ ಮಂಜೂರಾಗಿದೆ’ ಅನ್ನುವ ಮೆಸೇಜಿನ ಸುದ್ದಿ ಹೇಳುವುದೇ ಬೇಡ. ಕ್ರೆಡಿಟ್ ಕಾರ್ಡಿನ ಬಗ್ಗೆ ಮಾತ್ರ ಒಂದು ಮಾತು. ಬಾಕಿ ಉಳಿಸಿದರೆ ಬಹಳಷ್ಟು ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3ರ ಮೇಲೆ. ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೊಡುವವರನ್ನು ಏನೇನು ಬೈಯುತ್ತೇವೋ, ಅದೇ ಬಡ್ಡಿ ಇದು. ಪ್ಲಾಸ್ಟಿಕ್ ಕಾರ್ಡಿನಲ್ಲಿ ಬಂದರೆ ಗೌರವದ ಹಾಗೆ ಕಾಣುತ್ತದೆ.

2025ರ ಫೆಬ್ರವರಿಯಲ್ಲಿ ಮೈಕ್ರೊ ಫೈನಾನ್ಸ್ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ಬೇಕಾಗಿದ್ದ ಕಾನೂನೇ. ಆದರೆ ಅದು ಮಾತಾಡುವುದು ವಸೂಲಿಯ ಬಗ್ಗೆ. ತೀರಿಸಿದವರು ಮತ್ತೆ ಅದೇ ಬಾಗಿಲಿಗೆ ಯಾಕೆ ಹೋಗುತ್ತಾರೆ ಅನ್ನುವುದಕ್ಕೆ ಉತ್ತರ ಕಾನೂನಿನಲ್ಲಿ ಸಿಗುವುದಿಲ್ಲ.

ಉತ್ತರ ಹುಡುಕಬೇಕಾದರೆ ಗಾರ್ಮೆಂಟ್ಸಿನ ಹೆಣ್ಣುಮಕ್ಕಳ ಪಿಎಫ್ ಕಥೆ ನೋಡಬೇಕು. 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಬೆಂಗಳೂರಿನ ರಸ್ತೆಗಳಿಗೆ ಇಳಿದರು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅನ್ನುವ ಕೇಂದ್ರದ ಹೊಸ ನಿಯಮದ ವಿರುದ್ಧ. ಅವರಲ್ಲಿ ಹೆಚ್ಚಿನವರು ಹೆಂಗಸರು. ಎರಡನೇ ದಿನವೇ ಕೇಂದ್ರ ಆ ನಿಯಮ ವಾಪಸ್ ತೆಗೆದುಕೊಂಡಿತು. ವಯಸ್ಸಾದ ಮೇಲೆ ಬರುವ ದುಡ್ಡಿಗೆ ಇಷ್ಟು ಗಲಾಟೆ ಯಾಕೆ ಅಂತ ಆಗ ಕೆಲವರು ಕೇಳಿದರು. ಕೇಳಿದವರಿಗೆ ಹಳ್ಳಿ ಮನೆಯ ಲೆಕ್ಕ ಗೊತ್ತಿರಲಿಲ್ಲ. ಕೆಲಸ ಬಿಡುವುದು, ಪಿಎಫ್ ತೆಗೆದು ಸಾಲ ತೀರಿಸುವುದು, ಮತ್ತೊಂದು ಫ್ಯಾಕ್ಟರಿಗೆ ಹೊಸದಾಗಿ ಸೇರುವುದು ಈ ಕೆಲಸದಲ್ಲಿ ಮಾಮೂಲಿ. ಆ ದುಡ್ಡು ಅವರಿಗೆ ಮುಪ್ಪಿನ ಆಸರೆ ಅಲ್ಲ, ಸಾಲದಿಂದ ಹೊರಬರಲು ಇರುವ ಒಂದೇ ಬಾಗಿಲು.

ಅವರು ತಪ್ಪು ಮಾಡಿದರು ಅಂತ ನಾವು ಹೇಳುವುದಿಲ್ಲ. ಆದರೆ ಆ ದಿನದ ಲೆಕ್ಕ ನೋಡಿ: ಸಾಲ ಸೊನ್ನೆ, ಉಳಿತಾಯವೂ ಸೊನ್ನೆ. ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು; ಎಲ್ಲವನ್ನೂ ತೆಗೆದುಕೊಂಡವರಿಗೆ ಆ ಎಣಿಕೆಯೂ ಮತ್ತೆ ಒಂದರಿಂದ. ಇಂಥ ಸ್ಥಿತಿಯಲ್ಲಿ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಅಂದರೆ ಮತ್ತೆ ಹೋಗುವುದು ಎಲ್ಲಿಗೆ? ಸಂಘಕ್ಕೆ. ಸಾಲ ತೀರಿಸಿದವರು ವರ್ಷದೊಳಗೆ ಮತ್ತೆ ಸಾಲಗಾರರಾಗುವುದು ಹೊಸ ಮೊಬೈಲ್ ಕೊಂಡಿದ್ದರಿಂದ ಅಲ್ಲ, ಕೈಯಲ್ಲಿ ಹತ್ತು ಸಾವಿರವೂ ಇಲ್ಲದಾಗ ಕಷ್ಟ ಬಂದಿದ್ದರಿಂದ.

ಹಾಗಾಗಿ ನಾವು ಹೇಳುವುದು ಇಷ್ಟೇ. ಕಂತು ನಿಲ್ಲಿಸಬೇಡಿ. ಅದೇ ತಾರೀಖು, ಅದೇ ಮೊತ್ತ, ಆದರೆ ನಿಮ್ಮ ಹೆಸರಿನ ಖಾತೆಗೆ. ಕಂತು ಕಟ್ಟುವ ಅಭ್ಯಾಸ ಮೈಗೆ ಹತ್ತಿರುತ್ತದೆ, ಆ ದುಡ್ಡಿಲ್ಲದೆ ಮನೆ ನಡೆಸುವುದೂ ಗೊತ್ತಿರುತ್ತದೆ. ಆರು ತಿಂಗಳು ಬಿಟ್ಟರೆ ಎರಡೂ ಹೋಗುತ್ತವೆ. ಮೊದಲ ವರ್ಷ ಬ್ಯಾಂಕಿನ ಉಳಿತಾಯ ಖಾತೆಯಲ್ಲೋ ಒಂದು ವರ್ಷದ ಆರ್‌ಡಿಯಲ್ಲೋ ಇಡಿ, ಬೇಕಾದಾಗ ಕೈಗೆ ಸಿಗಬೇಕು. ₹4,000ದಂತೆ ವರ್ಷಕ್ಕೆ ₹48,000. ಸಣ್ಣದೊಂದು ಆಸ್ಪತ್ರೆ ಖರ್ಚಿಗೆ ಸಂಘದ ಬಾಗಿಲು ತಟ್ಟದೆ ಇರಲು ಅಷ್ಟು ಸಾಕಾಗಬಹುದು. ಆಮೇಲೆ ಅಂಚೆ ಕಚೇರಿಯ 5 ವರ್ಷದ ಆರ್‌ಡಿ ಯೋಚಿಸಬಹುದು. ಶೇ. 6.7ರ ಬಡ್ಡಿಯಲ್ಲಿ ತಿಂಗಳಿಗೆ ₹4,000 ಕಟ್ಟಿದರೆ ಕೊನೆಗೆ ₹2 ಲಕ್ಷ 85 ಸಾವಿರದಷ್ಟು ಬರುತ್ತದೆ. ಮೂರು ವರ್ಷದೊಳಗೆ ಮುಚ್ಚಲು ಬಿಡುವುದಿಲ್ಲ, ಅದಕ್ಕೇ ಇದನ್ನು ಎರಡನೆಯದಾಗಿ ಹೇಳಿದ್ದು.

ಬ್ಯಾಂಕಿನಲ್ಲಿ ವರ್ಷಕ್ಕೆ ₹20 ಕಟ್ಟಿದರೆ ಅಪಘಾತಕ್ಕೆ, ₹436 ಕಟ್ಟಿದರೆ ಜೀವಕ್ಕೆ, ತಲಾ ₹2 ಲಕ್ಷದ ಕೇಂದ್ರ ಸರ್ಕಾರದ ವಿಮೆ ಇದೆ. ದಿನಾ ಬೈಕಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿಬರುವವರು ಇದನ್ನು ಮಾಡಿಸದೇ ಇರುವುದು ನಮಗೆ ಅರ್ಥವಾಗದ ವಿಷಯ.

ಬಡ್ಡಿ ಕಡಿಮೆ ಆಯಿತು ಅನ್ನಿಸುವ ಹೊತ್ತಿಗೆ ಜಾಸ್ತಿ ಕೊಡುತ್ತೇವೆ ಅನ್ನುವವರು ಬರುತ್ತಾರೆ. ಬೆಂಗಳೂರಿನ ಐಎಂಎ ಕಂಪನಿ ತಿಂಗಳು ತಿಂಗಳು ಲಾಭ ಕೊಡುತ್ತೇವೆ ಅಂತ ಸಾವಿರಾರು ಜನರಿಂದ ದುಡ್ಡು ಕಟ್ಟಿಸಿಕೊಂಡು 2019ರ ಜೂನ್‌ನಲ್ಲಿ ಬಾಗಿಲು ಹಾಕಿದ್ದು ನೆನಪಿರಲಿ. ಬ್ಯಾಂಕ್ ಮುಳುಗಿದರೂ ಒಬ್ಬರಿಗೆ ₹5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘದ ಠೇವಣಿಗೆ, ಚೀಟಿ ದುಡ್ಡಿಗೆ ಆ ವಿಮೆ ಇಲ್ಲ.

ಕಾಗದದ ಕೆಲಸವನ್ನು ನಮ್ಮವರು ಬಹಳ ಸಲ ಅರ್ಧಕ್ಕೆ ಬಿಡುತ್ತಾರೆ. ದುಡ್ಡು ಕಟ್ಟಿದ ರಶೀದಿ ಸಿಕ್ಕರೆ ಸಾಲ ತೀರಿತು ಅಂತಲ್ಲ. ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಬೇಕು. ಬೈಕಿನದಾದರೆ ಫೈನಾನ್ಸಿನವರ ಎನ್‌ಒಸಿ ಮತ್ತು ನಮೂನೆ 35 ಕೊಟ್ಟು ಆರ್‌ಸಿಯಿಂದ ಅವರ ಹೆಸರು ತೆಗೆಸಬೇಕು, ಇಲ್ಲದಿದ್ದರೆ ಮಾರುವಾಗ ಒದ್ದಾಟ. ಜಮೀನಿನ ಮೇಲಿನ ಸಾಲವಾದರೆ ಪಹಣಿಯ 11ನೇ ಕಾಲಂ ನೋಡಿ. ಋಣ ಇನ್ನೂ ಅಲ್ಲೇ ಕೂತಿದ್ದರೆ ಬ್ಯಾಂಕಿನ ಪತ್ರ ಕೊಟ್ಟು ತೆಗೆಸಿ. ಮನೆ ಸಾಲದಂಥವು ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು ಅನ್ನುವ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ನೋಡಬಹುದು. ಅದರಲ್ಲಿ ‘ಕ್ಲೋಸ್ಡ್’ ಅಂತ ಇರಬೇಕು. ಸ್ವಲ್ಪ ಕಡಿಮೆ ಮಾಡಿಸಿಕೊಂಡು ಮುಗಿಸಿದ್ದರೆ ‘ಸೆಟಲ್ಡ್’ ಅಂತ ಇರುತ್ತದೆ, ಮುಂದೆ ಸಾಲ ಕೊಡುವವರು ಅದನ್ನು ಒಳ್ಳೆಯದಾಗಿ ನೋಡುವುದಿಲ್ಲ.

ಇಷ್ಟೆಲ್ಲಾ ಹೇಳಿದ್ದು ಕೇಳಿ ಜಿಪುಣರಾಗಿ ಅಂತ ಹೇಳುತ್ತಿದ್ದೇವೆ ಅಂದುಕೊಳ್ಳಬೇಡಿ. ಸಾಲದಲ್ಲಿ ಬೆಂದವರಲ್ಲಿ ಇನ್ನೊಂದು ಥರದವರೂ ಇದ್ದಾರೆ. ಸಾಲ ತೀರಿ ವರ್ಷವಾದರೂ ಹರಿದ ಚಪ್ಪಲಿಗೆ ಪಿನ್ನು ಹಾಕಿಕೊಂಡೇ ಓಡಾಡುತ್ತಾರೆ, ಹಲ್ಲು ನೋವಿಗೆ ಡಾಕ್ಟರ ಹತ್ತಿರ ಹೋಗದೆ ಲವಂಗ ಇಟ್ಟುಕೊಂಡು ದಿನ ದೂಡುತ್ತಾರೆ. ಕೈಯಿಂದ ದುಡ್ಡು ಬಿಡಲು ಭಯ. ಇದು ಉಳಿತಾಯ ಅಲ್ಲ. ನಾಲ್ಕು ಸಾವಿರದಲ್ಲಿ ₹500 ನಿಮ್ಮ ಖುಷಿಗೆ ಅಂತ ತೆಗೆದಿಡಿ. ಸಿನಿಮಾ ನೋಡಿ, ಘಾಟಿ ಜಾತ್ರೆಗೆ ಹೋಗಿ ಬಳೆ ಕೊಳ್ಳಿ. ಅದಕ್ಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ.

‘ಇನ್ನು ಜನ್ಮದಲ್ಲಿ ಸಾಲವೇ ಬೇಡ’ ಅನ್ನುವ ಶಪಥವೂ ಎಲ್ಲರಿಗೂ ಸರಿಹೋಗುವುದಿಲ್ಲ. ಜಮೀನಿರುವವರಿಗೆ ಸಹಕಾರ ಸಂಘದಲ್ಲಿ ಸೊನ್ನೆ ಬಡ್ಡಿಯ ಬೆಳೆ ಸಾಲ ಇದೆ. 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು ₹3 ಲಕ್ಷದಿಂದ ₹5 ಲಕ್ಷಕ್ಕೆ ಏರಿಸಿದರು. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬಡ್ಡಿ ಇಲ್ಲ. ಇದನ್ನು ಬಿಟ್ಟು ಅಂಗಡಿಯಲ್ಲಿ ಗೊಬ್ಬರವನ್ನು ಉದ್ದರಿ ತಂದು ಜಾಸ್ತಿ ರೇಟು ಕೊಡುವುದರಲ್ಲಿ ಯಾವ ಜಾಣತನವೂ ಇಲ್ಲ. ಆ ದುಡ್ಡು ಹೊಲಕ್ಕೇ ಹೋಗಬೇಕು, ಅಷ್ಟೇ.

ಕಷ್ಟದ ಮಾತು ಉಳಿದಿದೆ. ಹುಡುಗ ಸಾಲ ತೀರಿಸಿದರೆ ‘ಇನ್ನು ಅವನ ದುಡಿಮೆ ಅವನದು, ಒಂದು ಮನೆ ಕಟ್ಟಲಿ’ ಅನ್ನುತ್ತಾರೆ. ಐದು ವರ್ಷ ಮಿಷನ್ ಮುಂದೆ ಕೂತು ಮನೆಯ ಸಾಲ ತೀರಿಸಿದ ಹುಡುಗಿಗೆ ಏನನ್ನುತ್ತಾರೆ? ‘ಇನ್ನು ನಿನ್ನ ಮದುವೆಗೆ ಕೂಡಿಡೋಣ’ ಅನ್ನುತ್ತಾರೆ, ಅದನ್ನೂ ಅಪ್ಪನ ಖಾತೆಯಲ್ಲಿ. ಬಹಳಷ್ಟು ಮನೆಗಳಲ್ಲಿ ಅವಳ ಎಟಿಎಂ ಕಾರ್ಡು ಅವಳ ಹತ್ತಿರ ಇರುವುದಿಲ್ಲ. ಬೇರೆ ಕಡೆ ಕೆಲಸಕ್ಕೆ ಸೇರಬೇಕು, ಓದು ಮುಂದುವರಿಸಬೇಕು ಅಂತ ಅವಳಿಗಿದ್ದರೆ ಆ ಕಂತಿನ ದುಡ್ಡೇ ಅದಕ್ಕೆ ದಾರಿ. ಇದನ್ನು ಜಗಳ ಮಾಡಿಯೇ ಪಡೆಯಬೇಕು ಅಂತಿಲ್ಲ. ಕೊನೆಯ ಕಂತಿಗೆ ಇನ್ನೂ ಎರಡು ತಿಂಗಳಿರುವಾಗಲೇ ಅಪ್ಪ ಅಮ್ಮನ ಜೊತೆ ಕೂತು ಮಾತಾಡುವುದು ವಾಸಿ. ತೀರಿದ ಮೇಲೆ ಮಾತೆತ್ತಿದರೆ ಅಷ್ಟರಲ್ಲಿ ದುಡ್ಡಿಗೆ ಬೇರೆ ದಾರಿ ಆಗಿರುತ್ತದೆ.

ಅಂಚೆ ಕಚೇರಿಗೆ ಹೋಗುವಾಗ ಆಧಾರ್, ಪ್ಯಾನ್, ಎರಡು ಫೋಟೊ ಒಯ್ಯಿರಿ. ಆರ್‌ಡಿ ತಿಂಗಳಿಗೆ ₹100ರಿಂದಲೂ ಶುರುವಾಗುತ್ತದೆ. ಖಾತೆ ನಿಮ್ಮ ಹೆಸರಿಗೇ ಇರಲಿ, ನಾಮಿನಿ ಬರೆಸುವುದನ್ನು ಮರೆಯಬೇಡಿ, ಪಾಸ್‌ಬುಕ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.