ಕಲ್ಚರ್ ವರದಿ ವಾರ್ಡಿಗೆ ಬರಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಹೊಸ ಆಸ್ಪತ್ರೆ ಕಟ್ಟಡ ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದನ್ನು ಕೇಳುವವರು ನಿಮ್ಮ ಕಚೇರಿಯ ಮುಂದೆ ಬೇಕಾದಷ್ಟಿದ್ದಾರೆ. ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸಿ ನಿವೃತ್ತನಾದ ನನ್ನ ಕೋರಿಕೆ ಎರಡು ಪುಟ್ಟ ಬಾಟಲಿಗಳದ್ದು. ಜ್ವರದಿಂದ ನಡುಗುತ್ತ, ಬಿಪಿ ಇಳಿದು ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಮೊದಲ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡುವ ಮುನ್ನ ರಕ್ತ ತೆಗೆದು ತುಂಬಬೇಕಾದ ಬ್ಲಡ್ ಕಲ್ಚರ್ ಬಾಟಲಿಗಳು ಅವು. ಔಷಧಿ ಮೈಗೆ ಹೋದ ಮೇಲೆ ತೆಗೆದರೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಮೊದಲೇ ತೆಗೆದರೆ ಎರಡು ಮೂರು ದಿನದಲ್ಲಿ ಯಾವ ರೋಗಾಣು, ಅದು ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ವರದಿ ಕೈಗೆ ಬರುತ್ತದೆ.

ಮೊದಲ ದಿನ ಅಂದಾಜಿನ ಮೇಲೆ ಔಷಧಿ ಕೊಡುವ ಡ್ಯೂಟಿ ಡಾಕ್ಟರನ್ನು ನಾನು ದೂರುವುದಿಲ್ಲ. ನಂಜೇರಿದ ರೋಗಿಯ ವಿಷಯದಲ್ಲಿ ಕಾಯುತ್ತ ಕೂತರೆ ಜೀವವೇ ಹೋದೀತು. ತಪ್ಪುವುದು ಮೂರನೆಯ ದಿನ. ಅಂದು ವರದಿ ಬರುವುದಿಲ್ಲ, ಏಕೆಂದರೆ ಮಾದರಿ ಹೋಗಿಯೇ ಇಲ್ಲ. ರೋಗಿ ಸುಧಾರಿಸಿದರೆ ಅದೇ ಇಂಜೆಕ್ಷನ್ ಮುಂದುವರಿಯುತ್ತದೆ. ಸುಧಾರಿಸದಿದ್ದರೆ ‘ಇನ್ನೂ ಸ್ಟ್ರಾಂಗ್’ ಒಂದು ಬರುತ್ತದೆ. ಕೊನೆಗೆ, ಬೇರೆ ಔಷಧಿ ಸೋತಾಗಿಗೆಂದು ಉಳಿಸಿಡಬೇಕಾದ ಮೆರೊಪೆನೆಮ್, ಅದೂ ಸಾಲದಿದ್ದರೆ ಕೊಲಿಸ್ಟಿನ್. ಎಷ್ಟು ದಿನ? ಹತ್ತು, ಹದಿನಾಲ್ಕು, ನೋಡೋಣ.

ಈ ಹದಿನಾಲ್ಕು ಬಹುಮಟ್ಟಿಗೆ ರೂಢಿಯಿಂದ ಬಂದದ್ದು. 2024ರ ನವೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ‘ಬ್ಯಾಲೆನ್ಸ್’ ಎಂಬ ಅಧ್ಯಯನ ಅದನ್ನು ಪರೀಕ್ಷೆಗೆ ಒಡ್ಡಿತು. 7 ದೇಶಗಳ 74 ಆಸ್ಪತ್ರೆಗಳಲ್ಲಿ, ರಕ್ತಕ್ಕೆ ಸೋಂಕು ಹತ್ತಿದ 3,608 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ 7 ದಿನ, ಇನ್ನೊಂದಕ್ಕೆ 14 ದಿನ ಆಂಟಿಬಯೋಟಿಕ್ ಕೊಟ್ಟರು. 90 ದಿನಗಳೊಳಗೆ ತೀರಿಕೊಂಡವರು 7 ದಿನದ ಗುಂಪಿನಲ್ಲಿ ಶೇ. 14.5, 14 ದಿನದ ಗುಂಪಿನಲ್ಲಿ ಶೇ. 16.1. ಅಂದರೆ ಜೀವ ಉಳಿಸುವುದರಲ್ಲಿ ಒಂದು ವಾರದ ಚಿಕಿತ್ಸೆ ಎರಡು ವಾರದ್ದಕ್ಕಿಂತ ಹಿಂದೆ ಬೀಳಲಿಲ್ಲ.

ಹಾಗೆಂದು ‘ಇನ್ನು ಮುಂದೆ ಎಲ್ಲರಿಗೂ ಏಳೇ ದಿನ’ ಎಂದು ಸುತ್ತೋಲೆ ಹೊರಡಿಸಬೇಡಿ. ಸ್ಟ್ಯಾಫಿಲೊಕಾಕಸ್ ಆರಿಯಸ್ ಸೋಂಕಿನವರನ್ನೂ ರೋಗನಿರೋಧಕ ಶಕ್ತಿ ತೀರಾ ಕುಂದಿದವರನ್ನೂ ಆ ಅಧ್ಯಯನದಿಂದ ಹೊರಗಿಟ್ಟಿದ್ದರು. ನಿಮ್ಮ ತಾಲ್ಲೂಕು ಆಸ್ಪತ್ರೆಯ ಮಂಚದ ಮೇಲಿರುವ ರೋಗಿಗೆ ಇರುವುದು ಸ್ಟ್ಯಾಫಿಲೊಕಾಕಸ್ಸೋ ಇ. ಕೋಲಿಯೋ ಎಂದು ಕಲ್ಚರ್ ಮಾಡದೆ ಹೇಳುವುದು ಹೇಗೆ? ದಿನ ಕಡಿಮೆ ಮಾಡಲೂ ಆ ವರದಿಯೇ ಬೇಕು.

ಮೆರೊಪೆನೆಮ್‌ನಂಥ ದೊಡ್ಡ ಔಷಧಿ ಯಾವಾಗ ಬೇಕೇ ಬೇಕು ಎಂದು ತಿಳಿಯಲೂ ಅದೇ ಬೇಕು. 2018ರ ‘ಮೆರಿನೊ’ ಅಧ್ಯಯನ ನೋಡಿ. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇ. ಕೋಲಿ, ಕ್ಲೆಬ್ಸಿಯೆಲ್ಲಾ ಸೋಂಕು ರಕ್ತದಲ್ಲಿದ್ದವರಿಗೆ ಮೆರೊಪೆನೆಮ್ ಉಳಿಸಿ ಪಿಪರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಕೊಟ್ಟರೆ ನಡೆದೀತೇ ಎಂಬುದು ಪ್ರಶ್ನೆ. 30 ದಿನಗಳಲ್ಲಿ ಸತ್ತವರು ಮೆರೊಪೆನೆಮ್ ಪಡೆದವರಲ್ಲಿ ಶೇ. 3.7, ಇನ್ನೊಂದು ಗುಂಪಿನಲ್ಲಿ ಶೇ. 12.3. ಔಷಧಿ ಉಳಿಸುವ ಭರದಲ್ಲಿ ಜನರನ್ನು ಕಳೆದುಕೊಳ್ಳುವುದೂ ಉಂಟು. ಅಂದಹಾಗೆ, ಈ ಎರಡೂ ಅಧ್ಯಯನಗಳಲ್ಲಿ ಭಾರತದ ಒಂದು ಆಸ್ಪತ್ರೆಯೂ ಇರಲಿಲ್ಲ.

ನಮ್ಮಲ್ಲಿ ಆಗುತ್ತಿರುವುದೇನು? ಕೇಂದ್ರದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2021-22ರಲ್ಲಿ ದೇಶದ 20 ದೊಡ್ಡ ಆಸ್ಪತ್ರೆಗಳಲ್ಲಿ ಸಮೀಕ್ಷೆ ಮಾಡಿತು. ಒಳರೋಗಿಗಳಲ್ಲಿ ಶೇ. 71.9 ಮಂದಿಗೆ ಆಂಟಿಬಯೋಟಿಕ್ ನಡೆಯುತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೋಂಕು ಬಾರದಿರಲಿ ಎಂದು ಕೊಟ್ಟದ್ದು. ಯಾವ ಬ್ಯಾಕ್ಟೀರಿಯಾ ಎಂದು ತಿಳಿದ ಮೇಲೆ ಕೊಟ್ಟದ್ದು ಶೇ. 6ರ ಆಸುಪಾಸು. ಪ್ರಯೋಗಾಲಯ ಇರುವ ಬೋಧನಾ ಆಸ್ಪತ್ರೆಗಳ ಕಥೆಯೇ ಇದು. ಇಷ್ಟಾದರೂ ನಮ್ಮ ಪೋಸ್ಟರುಗಳು ಬೈಯುವುದು ಮಾತ್ರೆ ಅರ್ಧಕ್ಕೆ ಬಿಡುವ ಬಡಪಾಯಿಯನ್ನು!

ಹಣವಿಲ್ಲ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ರಾಜ್ಯದಲ್ಲಿ 20ಕ್ಕೂ ಹೆಚ್ಚು ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಸೂಕ್ಷ್ಮಜೀವಿಶಾಸ್ತ್ರ ವಿಭಾಗವಿಲ್ಲದೆ ಕಾಲೇಜಿಗೆ ಮಾನ್ಯತೆಯೇ ಸಿಗುವುದಿಲ್ಲ. ತೊಡಕಿರುವುದು ಬೇರೆ ಕಡೆ. ತಾಲ್ಲೂಕು ಆಸ್ಪತ್ರೆ ನಿಮ್ಮ ಇಲಾಖೆಯದು, ಕಾಲೇಜಿನ ಲ್ಯಾಬು ವೈದ್ಯಕೀಯ ಶಿಕ್ಷಣ ಇಲಾಖೆಯದು. ರೋಗಿಯ ರಕ್ತಕ್ಕೆ ಈ ಗಡಿ ದಾಟಲು ದಾರಿಯಿಲ್ಲ. ಕ್ಷಯರೋಗಿಯ ಕಫದ ಮಾದರಿ ಊರಿಂದೂರಿಗೆ ಹೋಗುವ ವ್ಯವಸ್ಥೆ ನಿಮ್ಮಲ್ಲೇ ಇದೆ. ಕಲ್ಚರ್ ಬಾಟಲಿಗೆ ಫ್ರಿಜ್ಜೂ ಬೇಡ, ಇಡಲೇಬಾರದು. ಬೇಕಾದದ್ದು ಅದೇ ದಿನ ಲ್ಯಾಬಿಗೆ ಮುಟ್ಟಿಸುವ ಒಂದು ಗಾಡಿ, ವರದಿಯನ್ನು ಡಾಕ್ಟರ ಫೋನಿಗೆ ತಿಳಿಸುವ ಒಬ್ಬ ಟೆಕ್ನಿಷಿಯನ್, ತಪ್ಪದೆ ಬರುವ ಬಾಟಲಿಗಳು.

ಇನ್ನೊಂದು ಸಂಗತಿ ಹೇಳಲೇಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಲ್ಲುವ ಎಂಡಿ ಪ್ರಬಂಧಗಳಲ್ಲಿ ಆಸ್ಪತ್ರೆಯ ಬ್ಯಾಕ್ಟೀರಿಯಾ ಮತ್ತು ಔಷಧಿ ನಿರೋಧಕತೆಯ ಮೇಲಿನವು ಎಷ್ಟೋ. ಬೈಂಡ್ ಆಗಿ, ಪರೀಕ್ಷೆ ಮುಗಿದು, ಕಪಾಟು ಸೇರುತ್ತವೆ. ಪಕ್ಕದ ವಾರ್ಡಿನವರಿಗೂ ಅದರಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಅದೇ ಅಂಕಿಅಂಶ ಪ್ರತಿವರ್ಷ ಜಿಲ್ಲಾವಾರು ಒಂದು ಹಾಳೆಯಲ್ಲಿ ಬಂದರೆ ಅದೇ ಆಂಟಿಬಯೋಗ್ರಾಂ. ರಾತ್ರಿಪಾಳಿಯ ಡಾಕ್ಟರ ಮೊದಲ ದಿನದ ಅಂದಾಜಿಗೂ ಒಂದು ಆಧಾರ ಸಿಗುತ್ತದೆ. ಕೇರಳ 2018ರಲ್ಲೇ ಔಷಧಿ ನಿರೋಧಕತೆಯ ವಿರುದ್ಧ ತನ್ನದೇ ಕ್ರಿಯಾಯೋಜನೆ ಮಾಡಿಕೊಂಡು ರಾಜ್ಯಮಟ್ಟದ ಆಂಟಿಬಯೋಗ್ರಾಂ ಪ್ರಕಟಿಸುತ್ತಿದೆ. ನಮ್ಮ ಜಿಲ್ಲೆಗಳದ್ದೂ ಹಾಗೆ ಬರಲಿ. ಮಾದರಿ ಬರಲಾರಂಭಿಸಿದರೆ ಏಳು ದಿನವೋ ಹದಿನಾಲ್ಕೋ ಎಂಬ ಅಧ್ಯಯನವನ್ನು ನಮ್ಮ ರೋಗಿಗಳಲ್ಲೇ ಮಾಡಬಲ್ಲ ಅಧ್ಯಾಪಕರು ನಮ್ಮ ಕಾಲೇಜುಗಳಲ್ಲಿದ್ದಾರೆ.

ಪ್ರತಿ ನವೆಂಬರ್ 18ರಿಂದ 24ರವರೆಗೆ ಔಷಧಿ ನಿರೋಧಕತೆಯ ಜಾಗೃತಿ ಸಪ್ತಾಹ ನಡೆಯುತ್ತದೆ. ಬರುವ ಸಪ್ತಾಹಕ್ಕೆ ಮೊದಲು ವೈದ್ಯಕೀಯ ಶಿಕ್ಷಣ ಸಚಿವರೊಂದಿಗೆ ಕೂತು, ಪ್ರತಿ ತಾಲ್ಲೂಕು ಆಸ್ಪತ್ರೆಯನ್ನು ಹತ್ತಿರದ ಕಾಲೇಜಿನ ಲ್ಯಾಬಿಗೆ ಜೋಡಿಸುವ ಜಂಟಿ ಆದೇಶಕ್ಕೆ ಇಬ್ಬರೂ ಸಹಿ ಹಾಕಿ ಎಂದು ಕೋರುತ್ತೇನೆ.

ಇಂತಿ,
ನಿವೃತ್ತ ಅಧ್ಯಾಪಕ