ಲೆಕ್ಕ ತಪ್ಪಿದ್ದು ಹುಡುಗರದೋ, ಮೇಲಿನವರದೋ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ಕಡೆಯ ಹುಡುಗ ಹುಡುಗಿಯರು ಈಗ ಬಿ.ಎ., ಬಿ.ಕಾಂ. ಜೊತೆಗೆ ಬಿ.ಸಿ.ಎ. ಕಡೆಗೂ ಮುಖ ಮಾಡಿದ್ದಾರೆ. ಕಂಪ್ಯೂಟರ್ ಕಲಿತರೆ ಬೆಂಗಳೂರೋ ಪುಣೆಯೋ ಅನ್ನ ಹಾಕೀತು ಎಂಬ ಆಸೆ. ಆಸೆ ತಪ್ಪಲ್ಲ. ಆದರೆ ಕಾಲೇಜು ಸೇರಿದ ಮೇಲೆ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಮೊದಲು ದಾಟಬೇಕಾದ ಹೊಳೆಯೊಂದಿದೆ ಎಂದು. ಅದರ ಹೆಸರು ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್. ಕನ್ನಡದಲ್ಲಿ ವಿವಿಕ್ತ ಗಣಿತ ಎನ್ನುವುದುಂಟು. ಆ ಹೆಸರು ಕೇಳಿದರೆ ಇಂಗ್ಲಿಷೇ ವಾಸಿ ಅನ್ನಿಸೀತು!

ಇದೇನು ಬ್ರಹ್ಮವಿದ್ಯೆಯೇ? ಅಲ್ಲ. ಒಂದು, ಎರಡು, ಮೂರು ಎಂದು ಬಿಡಿ ಬಿಡಿಯಾಗಿ ಎಣಿಸಬಹುದಾದ ವಸ್ತುಗಳ ಗಣಿತ. ಗಣಗಳು, ತರ್ಕ, ಕ್ರಮಯೋಜನೆ, ವಿಕಲ್ಪ, ಚುಕ್ಕೆ ಗೆರೆಗಳ ಜಾಲ. ಕಂಪ್ಯೂಟರಿನ ಹೊಟ್ಟೆಯೊಳಗೆ ನಡೆಯುವುದೆಲ್ಲ ಇದೇ ಆದ್ದರಿಂದ ಬಿ.ಸಿ.ಎ.ಯವರಿಗೆ ಮೊದಲ ವರ್ಷದಲ್ಲೇ ಇದನ್ನು ಇಡುವುದು ವಾಡಿಕೆ. ಅಲ್ಲಿ ಎಡವಿದವನ ಬೆನ್ನಿಗೆ ಆ ವಿಷಯ ಕೊನೆಯ ಸೆಮಿಸ್ಟರ್ ತನಕ ಬೇತಾಳನಂತೆ ಜೋತು ಬೀಳುತ್ತದೆ. ಮನೆಯಲ್ಲಿ ‘ನಮ್ಮ ಹುಡುಗನ ತಲಿ ಓಡೂದಿಲ್ಲ ಬಿಡ್ರಿ’ ಎಂದು ತೀರ್ಪಾಗುತ್ತದೆ. ಹುಡುಗಿಯಾದರೆ ತೀರ್ಪು ಇನ್ನೂ ಮುಂದಕ್ಕೆ ಹೋಗುತ್ತದೆ. ಕಾಲೇಜು ಸಾಕು, ಗಂಡು ನೋಡೋಣ!

ಹುಡುಗರ ತಲೆ ಓಡುವುದಿಲ್ಲವೋ, ಓಡುವ ದಾರಿಯನ್ನೇ ಯಾರಾದರೂ ಅಗೆದು ಹಾಕಿದರೋ? ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ನಮ್ಮ ರಾಜ್ಯದ ಹಳೆಯ ಎಸ್.ಎಸ್.ಎಲ್.ಸಿ. ಗಣಿತ ಪುಸ್ತಕದಲ್ಲಿ ಗಣಗಳ ಪಾಠವಿತ್ತು. ಕ್ರಮಯೋಜನೆ ಮತ್ತು ವಿಕಲ್ಪಗಳು ಇದ್ದವು. ಜಾಲಾಕೃತಿಗಳೂ ಇದ್ದವು. ಕನ್ನಡ ಮಾಧ್ಯಮದ ಹುಡುಗ ಇವನ್ನು ಕನ್ನಡದಲ್ಲೇ, ತನ್ನ ಊರ ಹೈಸ್ಕೂಲಿನಲ್ಲೇ ಒಮ್ಮೆ ಮುಟ್ಟಿ ಬರುತ್ತಿದ್ದ. 2018-19ರಲ್ಲಿ ಹತ್ತನೇ ತರಗತಿಗೆ ಎನ್.ಸಿ.ಇ.ಆರ್.ಟಿ. ಪುಸ್ತಕ ಬಂತು. ಆ ಪುಸ್ತಕ ಕೆಟ್ಟದ್ದೆಂದು ಯಾರೂ ಹೇಳಲಾರರು. ಆದರೆ ಅದರ ಹಂಚಿಕೆಯಲ್ಲಿ ಗಣ, ಕ್ರಮಯೋಜನೆಗಳು ಹನ್ನೊಂದನೆಯ ತರಗತಿಗೆ, ಅಂದರೆ ನಮ್ಮ ಪಿ.ಯು.ಸಿ. ಮೊದಲ ವರ್ಷದ ಗಣಿತಕ್ಕೆ ಹೋಗಿವೆ. ಪಿ.ಯು.ಸಿ.ಯಲ್ಲಿ ಗಣಿತ ತೆಗೆದುಕೊಂಡವನಿಗೆ ತೊಂದರೆಯಿಲ್ಲ. ಕಲಾ ವಿಭಾಗದವನು? ಗಣಿತವಿಲ್ಲದೆ ವಾಣಿಜ್ಯ ಓದಿದವಳು? ಅವರಿಗೂ ಬಿ.ಸಿ.ಎ. ಬಾಗಿಲು ತೆರೆದೇ ಇದೆ. ಒಳಗೆ ಹೋದರೆ ಎರಡು ಮೆಟ್ಟಿಲು ಮಾಯ! ಮೂರನೆಯ ಮೆಟ್ಟಿಲೋ ಪೂರಾ ಇಂಗ್ಲಿಷಿನಲ್ಲಿದೆ.

ಇದರ ಮೇಲೆ ಪಠ್ಯಕ್ರಮದ ಕುಣಿತ ಬೇರೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ಪದವಿ ನಾಲ್ಕು ವರ್ಷದ ಲೆಕ್ಕಕ್ಕೆ ಹೋಯಿತು. 2024-25ಕ್ಕೆ ಮತ್ತೆ ಮೂರು ವರ್ಷಕ್ಕೆ ಬಂತು. ಅಣ್ಣನ ನೋಟ್ಸು ತಮ್ಮನಿಗೆ ಬರದಂತಾಯಿತು. ಬಡವರ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಕಲಿಸುವವರ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2023ರ ನವೆಂಬರಿನಲ್ಲಿ ಅವರು ಸೇವಾ ಭದ್ರತೆ ಕೇಳಿ ತರಗತಿ ಬಿಟ್ಟು ಕುಳಿತಾಗ ರಾಜ್ಯದಾದ್ಯಂತ ಪಾಠ ನಿಂತಿತು. ವರ್ಷ ವರ್ಷವೂ ಬರುತ್ತಾರೋ ಇಲ್ಲವೋ ಎಂಬ ‘ಅತಿಥಿ’ಯಿಂದ, ಸಂಜೆ ಕೂತು ಇನ್ನೂ ಎರಡು ತಾಸು ಹೇಳಿಕೊಡಿ ಎಂದು ಯಾವ ಮುಖದಿಂದ ಕೇಳುವುದು?

ಹೀಗಿರುವಾಗ ಗಣಿತಕ್ಕೆ ಆಸರೆಯಾಗುವ ಕಾರ್ಯಾಗಾರ ಬೇಕೆಂಬ ಮಾತಿಗೆ ಬಲವಿದೆ. ಆದರೆ ಕಾರ್ಯಾಗಾರ ಎಂದರೆ ನಮ್ಮಲ್ಲಿ ಏನು? ಬ್ಯಾನರು, ದೀಪ, ಹಾರ, ತುರಾಯಿ, ಅಧ್ಯಕ್ಷರ ಭಾಷಣ, ಉಪ್ಪಿಟ್ಟು, ಫೋಟೋ. ಗಣಿತಕ್ಕೆ ಉಳಿಯುವುದು ಮುಕ್ಕಾಲು ತಾಸು! ಇಲ್ಲವಾದರೆ ‘ದಡ್ಡರ ಕ್ಲಾಸು’: ನಪಾಸಾದವರನ್ನು ಹೆಸರು ಕೂಗಿ ಕೂರಿಸಿ, ಬೆಳಿಗ್ಗೆ ಹೇಳಿದ್ದನ್ನೇ ಸಂಜೆ ಇನ್ನಷ್ಟು ಗಟ್ಟಿಯಾಗಿ ಹೇಳುವುದು. ಮಾನವಂತ ಹುಡುಗ ಎರಡನೆಯ ದಿನ ಬರುವುದಿಲ್ಲ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಇಂಥದೇ ಪೇಚು ಎದುರಾಗಿತ್ತು. ಕಪ್ಪು ಜನಾಂಗದ ಹುಡುಗರು ಕ್ಯಾಲ್ಕುಲಸ್‌ನಲ್ಲಿ ಸಾಲು ಸಾಲಾಗಿ ಉರುಳುತ್ತಿದ್ದರು. ಆಸಕ್ತಿ ಇಲ್ಲ, ಮನೆಯ ಬಡತನ ಎಂದು ಅಲ್ಲಿಯ ಮಾಸ್ತರರೂ ಊಹಿಸಿದ್ದರು. ಯೂರಿ ಟ್ರೈಸ್‌ಮನ್ ಎಂಬವರು ಹುಡುಗರ ಬೆನ್ನು ಹತ್ತಿ ನೋಡಿದರು. ಆಸಕ್ತಿಗೇನೂ ಕೊರತೆಯಿರಲಿಲ್ಲ, ಒಬ್ಬೊಬ್ಬರೇ ಕೋಣೆ ಸೇರಿ ಓದುತ್ತಿದ್ದರು. ಚೀನೀ ಮೂಲದವರು ಗುಂಪಾಗಿ ಕೂತು, ಒಬ್ಬರ ತಪ್ಪು ಇನ್ನೊಬ್ಬರು ತಿದ್ದಿ ಮುಂದೆ ಹೋಗುತ್ತಿದ್ದರು. ಟ್ರೈಸ್‌ಮನ್ ಸುಲಭದ ಲೆಕ್ಕ ಕೊಟ್ಟು ಸಮಾಧಾನ ಮಾಡಲಿಲ್ಲ. ಕಷ್ಟದ ಲೆಕ್ಕಗಳನ್ನೇ ಕೊಟ್ಟು ಗುಂಪಿನಲ್ಲಿ ಜಗಳಾಡಲು ಬಿಟ್ಟರು. ಫಲಿತಾಂಶ ತಿರುಗಿತು.

ನಮ್ಮಲ್ಲಿ ಜಗಳಾಡಲು ವಿಷಯಕ್ಕೆ ಬರವೇ? ‘ಮಳಿ ಬಂದ್ರ ಬಸ್ ತಡ ಆಗತೈತಿ.’ ಸರಿ. ಹಾಗಾದರೆ ಮಳೆ ಬರದಿದ್ದರೆ ಬಸ್ ಹೊತ್ತಿಗೆ ಸರಿಯಾಗಿ ಬರುತ್ತದೆಯೇ? ಪುಸ್ತಕ ನೋಡಿ ತಲೆ ಕೆರೆದುಕೊಳ್ಳುವ ಹುಡುಗ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ನಕ್ಕು ಬಿಡುತ್ತಾನೆ: ಬ್ಯಾಸಗಿಯೊಳಗೂ ತಡ ಆಗತೈತಲ್ರೀ! ಬಸ್ ಸರಿಯಾಗಿ ಬಂತೆಂದರೆ ಮಾತ್ರ ಮಳೆ ಬಂದಿಲ್ಲ ಎನ್ನಬಹುದು. ಪರೀಕ್ಷೆಯಲ್ಲಿ ಕೇಳುವ ತರ್ಕ ಇಷ್ಟೇ. ಇಂಗ್ಲಿಷ್ ಅಂಗಿ ತೊಟ್ಟು ಬಂದಿದ್ದಕ್ಕೆ ಗುರುತು ಸಿಗಲಿಲ್ಲ.

ಹಾಗೆ ನೋಡಿದರೆ ಈ ವಿದ್ಯೆ ನಮಗೆ ಪರದೇಶದ್ದೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ವಿಕಲ್ಪಗಳನ್ನು ಎಣಿಸುವ ಸೂತ್ರ ಕೊಟ್ಟ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ತನ್ನ ಊರು ವಿಜ್ಜಡವಿಡ ಎಂದ. ಅದು ವಿಜಯಪುರವೇ ಎಂಬುದು ಒಂದು ವಾದ, ಅಲ್ಲ, ಮಹಾರಾಷ್ಟ್ರದ ಕಡೆಯದು ಎಂಬುದು ಇನ್ನೊಂದು. ಊರಿನ ಜಗಳ ಇರಲಿ. ಆತನ ‘ಲೀಲಾವತಿ’ಯಲ್ಲಿ ಅಂಕಪಾಶ ಎಂಬ ಭಾಗವೇ ಇದೆ. ಗದೆ, ಚಕ್ರ, ಪದ್ಮ, ಶಂಖಗಳನ್ನು ಹರಿಯ ನಾಲ್ಕು ಕೈಗಳಿಗೆ ಎಷ್ಟು ಬಗೆಯಲ್ಲಿ ಕೊಡಬಹುದು ಎಂಬುದು ಅಲ್ಲಿಯ ಲೆಕ್ಕ. ಉತ್ತರ 24. ವಿಜಯಪುರದಿಂದ ಹೊರಟ ಮಾಸ್ತರರು ನಮ್ಮ ನಾಲ್ಕು ಊರುಗಳನ್ನು ಎಷ್ಟು ಕ್ರಮದಲ್ಲಿ ಸುತ್ತಿ ಬರಬಹುದು? ಅದೂ 24!

ಸುತ್ತುವವರು ಯಾರು ಎಂಬುದೇ ಪ್ರಶ್ನೆ. ಇಂಜಿನಿಯರಿಂಗ್ ಕಾಲೇಜುಗಳು, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಎಲ್ಲ ವಿಜಯಪುರದಲ್ಲಿವೆ. ನಾಲ್ಕೂ ತಾಲೂಕಿನವರನ್ನು ಅಲ್ಲಿಗೇ ಕರೆಸಿದರಾಯಿತು ಎನ್ನುವವರಿಗೆ ಮುದ್ದೇಬಿಹಾಳದ ದಾರಿ ಗೊತ್ತಿಲ್ಲ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಪುಕ್ಕಟೆ ಬಸ್ ಇದೆ, ನಿಜ. ಹುಡುಗರ ಪಾಸು ಮನೆಯಿಂದ ಕಾಲೇಜಿನವರೆಗೆ ಮಾತ್ರ. ಊರು ಮುಟ್ಟುವ ಕೊನೆಯ ಬಸ್ಸು ತಪ್ಪಿದರೆ ಪುಕ್ಕಟೆ ಟಿಕೆಟ್ಟೂ ಅಷ್ಟೇ, ಪಾಸೂ ಅಷ್ಟೇ.

ಆದ್ದರಿಂದ ಮಕ್ಕಳನ್ನು ಓಡಾಡಿಸುವ ಬದಲು ಮಾಸ್ತರರು ಓಡಾಡುವುದೇ ಸೋವಿ. ಇಂಡಿ, ಸಿಂದಗಿ ಒಂದು ಜೋಡಿ. ಬಾಗೇವಾಡಿ, ಮುದ್ದೇಬಿಹಾಳ ಇನ್ನೊಂದು. ಒಂದು ಶನಿವಾರ ಈ ಜೋಡಿ, ಮುಂದಿನ ಶನಿವಾರ ಆ ಜೋಡಿ. ನಡುವಿನ ವಾರದಲ್ಲಿ ಅದೇ ಕಾಲೇಜಿನ ಮೂರನೆಯ ವರ್ಷದ ಹುಡುಗರು ನಾಲ್ಕೈದು ಜನರ ಗುಂಪು ಕಟ್ಟಿ ಕೂತರೆ ಸಾಕು. ಸೆಟ್ ಎಂದರೆ ಗಣ, ಪರ್ಮ್ಯುಟೇಶನ್ ಎಂದರೆ ಕ್ರಮಯೋಜನೆ ಎಂದು ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಬರೆಸಲಿ. ಖರ್ಚು? ಮಾಸ್ತರರ ಬಸ್ ಚಾರ್ಜು, ಗೌರವಧನ, ಹುಡುಗರಿಗೆ ಚಹಾ. ಬ್ಯಾನರಿನ ದುಡ್ಡು ಉಳಿಸಿದರೆ ಚಹಾದ ಲೆಕ್ಕ ಅಲ್ಲೇ ಮುಗಿಯುತ್ತದೆ. ಪ್ರಾಂಶುಪಾಲರು ಸಂಜೆ ಒಂದು ಕೋಣೆಯ ಕೀಲಿಯನ್ನು ಜವಾನನ ಕೈಯಲ್ಲಿ ಬಿಟ್ಟು ಹೋಗಬೇಕು, ಅಷ್ಟೇ.