ಮೌನವು ಸಹನೆಯಲ್ಲ

2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದವು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೇರಿಸಿದ ನಿಯಮವನ್ನು ದೂರಲಾಯಿತು. ಆದರೆ ಆ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ! ಅಷ್ಟು ಕಾಲ ಸಂಸ್ಥೆ ಮಾಡಿದ್ದೇನು? ಅದನ್ನು ಕೇಳಬೇಕಾದ ಸರಕಾರ ನಿಯಮವನ್ನೇ ಸಡಿಲಿಸಿತು. ದುಡಿಯುವವನ ನಿದ್ರೆ ಕಸಿದು ಪ್ರಯಾಣಿಕನನ್ನು ಸಂತೈಸುವುದು ಯಾವ ನ್ಯಾಯ?

ತುಂಗಭದ್ರಾ ತೀರದ ಮುಕ್ಕುಂದದಿಂದ ಇರುಳೆಲ್ಲ ಪ್ರಯಾಣಿಸಿ ಬೆಂಗಳೂರು ವಿಮಾನ ನಿಲ್ದಾಣ ತಲಪಿದವನು ‘ನಾಳೆ ಬನ್ನಿ’ ಎಂದರೆ ಎಲ್ಲಿಗೆ ಹೋಗಬೇಕು? ವಿಮಾನ ರದ್ದಾದರೆ ಪೂರ್ಣ ಹಣ ಅಥವಾ ಬದಲಿ ವಿಮಾನ, ನಿಲ್ದಾಣದಲ್ಲಿ ಕಾಯುವಾಗ ಆಹಾರ - ಇವು ನಿಯಮವಿತ್ತ ಹಕ್ಕುಗಳು, ಯಾರದೋ ಔದಾರ್ಯವಲ್ಲ. ಟಿಕೆಟು, ಸಂದೇಶ, ರಸೀದಿಗಳನ್ನು ಕಾಪಿಟ್ಟು ನಾವು ಲಿಖಿತವಾಗಿಯೇ ಕೇಳಬೇಕು. ಸಹನೆ ಶ್ರೇಷ್ಠ ಗುಣ, ನಿಜ. ಆದರೆ ಅನ್ಯಾಯದೆದುರಿನ ಮೌನವನ್ನು ಸಹನೆಯೆಂದು ಕರೆಯದಿರೋಣ.